ಔಟಾದಾಗ ಹೆಲ್ಮೆಟ್ ಎಸೆಯುವ ಮಗ: ಆಟ ಬಿಡಿಸಬೇಕೇ?

ನ್ಯೂಜೆರ್ಸಿಯ ತಾಯಿ: ಎಲ್ಲರಿಗೂ ನಮಸ್ಕಾರ. ಮಗನಿಗೆ ಹತ್ತು ವರ್ಷ, ಮಕ್ಕಳ ಬೇಸ್‌ಬಾಲ್ ಸಂಘಟನೆಯಾದ ಲಿಟಲ್ ಲೀಗ್‌ನಲ್ಲಿ ಆಡುತ್ತಾನೆ. ಶನಿವಾರ ಅಂಪೈರ್ ಮೂರನೇ ಸ್ಟ್ರೈಕ್ (ಹೊಡೆಯಬೇಕಿದ್ದ ಎಸೆತ ತಪ್ಪಿದ ಲೆಕ್ಕ, ಮೂರಾದರೆ ಔಟ್) ಕೂಗಿದ್ದೇ ತಡ, ಹೆಲ್ಮೆಟ್ ಕಿತ್ತು ಆಟಗಾರರು ಕೂರುವ ಡಗೌಟಿನ ಗೋಡೆಗೆ ಎಸೆದ. ಪಂದ್ಯ ಮುಗಿದು ಎರಡೂ ತಂಡದವರು ಸಾಲಾಗಿ ಕೈ ತಟ್ಟುವಾಗ ಇವನು ಕೈ ಕಟ್ಟಿಕೊಂಡೇ ನಡೆದ. ಗದರಿದರೆ ಇನ್ನಷ್ಟು ಮುದುಡುತ್ತಾನೆ. ಆಟ ಬಿಡಿಸಿಬಿಡಲೇ?

ಟೆಕ್ಸಾಸ್, ಮಕ್ಕಳ ಕೋಚ್: ಬೇಡ ಅಕ್ಕಾ. ಸ್ಟ್ರೈಕ್ ಹೌದೋ ಅಲ್ಲವೋ ಎಂಬ ಅಂಪೈರ್ ತೀರ್ಪಿನ ಮೇಲೆ ದೂರು ಕೊಡಲು ನಿಯಮದಲ್ಲೇ ಅವಕಾಶವಿಲ್ಲ. ಅದನ್ನು ಆಟವಿಲ್ಲದ ದಿನ ನಿಧಾನವಾಗಿ ತಿಳಿಸಿ. ಔಟಾಗಿ ಬಂದ ಕೂಡಲೇ ಅವನಿಗೊಂದು ಕೆಲಸವಿರಲಿ. ಹೆಲ್ಮೆಟ್ ಜಾಗದಲ್ಲಿಟ್ಟು, ನೀರು ಕುಡಿದು, ಪಿಚರ್ (ಚೆಂಡು ಎಸೆಯುವವನು) ಹೇಗೆ ಎಸೆಯುತ್ತಿದ್ದಾನೆಂದು ಮುಂದೆ ಆಡುವವನಿಗೆ ಹೇಳಬೇಕು. ಸಿಟ್ಟು ಆ ಹೊತ್ತಿಗೆ ಅರ್ಧ ಇಳಿದಿರುತ್ತದೆ.

ಕ್ಯಾಲಿಫೋರ್ನಿಯಾದ ತಂದೆ: ಮಗುವಿಗೆ ಬುದ್ಧಿ ಹೇಳುವ ಮೊದಲು ಬೇಲಿಯಾಚೆ ಕುಳಿತವರಿಗೆ ಹೇಳಿ! ಕನ್ನಡದಲ್ಲಿ ಬೈದರೆ ಅಂಪೈರ್‌ಗೆ ತಿಳಿಯುವುದಿಲ್ಲ ನಿಜ, ಮಗುವಿಗೆ ತಿಳಿಯುತ್ತದೆ. ಆ ವಯಸ್ಸಿನ ಪಿಚರ್‌ಗೆ ದಿನಕ್ಕೆ 75 ಎಸೆತಗಳ ಮಿತಿಯಿದೆ. ಮಿತಿ ಮುಟ್ಟಿದಾಗ ಮಗನನ್ನು ಇಳಿಸಿದ್ದಕ್ಕೆ ಕೋಚ್ ಜೊತೆ ಜಗಳಕ್ಕೆ ನಿಂತ ನಮ್ಮವರನ್ನು ಕಣ್ಣಾರೆ ಕಂಡಿದ್ದೇನೆ. ಓದಿನಲ್ಲೂ ಮೊದಲು, ಆಟದಲ್ಲೂ ಮೊದಲು ಬರಬೇಕಂತೆ. ಮಗು ಸೋಲುವುದನ್ನು ಎಲ್ಲಿ ಕಲಿಯಬೇಕು?

ಷಿಕಾಗೋ: ಒಪ್ಪುವುದಿಲ್ಲ ಸರ್. ಸೋಲು ಚುಚ್ಚಬೇಕು. ನನ್ನ ಮಗಳು ಬೇಸ್‌ಬಾಲ್‌ನಂಥದೇ ಆಟವಾದ ಸಾಫ್ಟ್‌ಬಾಲ್‌ನಲ್ಲಿ ಸೋತ ರಾತ್ರಿ ಊಟ ಬಿಡುತ್ತಿದ್ದಳು, ಇಂದು ಕಾಲೇಜು ತಂಡದಲ್ಲಿದ್ದಾಳೆ.

ಕ್ಯಾಲಿಫೋರ್ನಿಯಾದ ತಂದೆ: ಊಟ ಬಿಡುವ ಮಗುವನ್ನು ಕಂಡು ಹೆಮ್ಮೆಪಡುವುದೇ? ಇದನ್ನೇ ನಾನು ಹೇಳುತ್ತಿರುವುದು.

ಒಹಾಯೊ: 2022ರ ಲಿಟಲ್ ಲೀಗ್ ಪ್ರಾದೇಶಿಕ ಫೈನಲ್ ತೋರಿಸಿ ಅಕ್ಕಾ, ವಿಡಿಯೊ ಸಿಗುತ್ತದೆ. ಟೆಕ್ಸಾಸ್ ಹುಡುಗ ಎಸೆದ ಚೆಂಡು ಓಕ್ಲಹೋಮಾ ಬ್ಯಾಟರ್‌ನ ಹೆಲ್ಮೆಟ್‌ಗೆ ಬಡಿಯಿತು. ಪೆಟ್ಟು ತಿಂದವನು ಮೊದಲ ಬೇಸ್‌ನಲ್ಲಿ (ಬ್ಯಾಟರ್ ಓಡಿ ತಲುಪುವ ಮೊದಲ ನಿಲ್ದಾಣ) ನಿಂತಿದ್ದ. ಎಸೆದವನು ಅಳುವುದನ್ನು ಕಂಡು ಅಲ್ಲಿಂದ ನಡೆದು ಬಂದು ಅವನನ್ನು ಅಪ್ಪಿಕೊಂಡ. ನಮ್ಮ ಮಕ್ಕಳು ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು.

ನ್ಯೂಜೆರ್ಸಿಯ ತಾಯಿ: ಧನ್ಯವಾದ, ಇಂದೇ ತೋರಿಸುತ್ತೇನೆ. ಕೋಚ್ ಜೊತೆ ನಾನೇ ಮಾತನಾಡಲೇ, ಅಥವಾ ಮಗನಿಂದಲೇ ಕ್ಷಮೆ ಕೇಳಿಸಲೇ?

ಷಿಕಾಗೋ: ಹೆಮ್ಮೆ ಊಟ ಬಿಟ್ಟದ್ದಕ್ಕಲ್ಲ ಸರ್, ಮರುದಿನ ಬೆಳಿಗ್ಗೆ ಎದ್ದು ಅಭ್ಯಾಸಕ್ಕೆ ಹೋಗುತ್ತಿದ್ದುದಕ್ಕೆ.