ಲ್ಯಾಪ್‌ಟಾಪ್‌ಗೆ ಎಕ್ಸ್‌ಟೆಂಡೆಡ್ ವಾರಂಟಿ ಹಾಕಿಸಬೇಕಾ? (ಇಡೋ ಜಾಗ ದಾಲ್ ಮಿಲ್)

ತೊಗರಿ ಲೆಕ್ಕದವ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಆಫೀಸಿನ ಹಳೇ ಲ್ಯಾಪ್‌ಟಾಪ್ ಆರು ವರ್ಷ ದುಡಿದು, ಈ ಸಲದ ಮೇ ಬಿಸಿಲಿಗೆ ಕೈ ಕೊಟ್ಟಿತು. ಸೂಪರ್ ಮಾರ್ಕೆಟ್ ಹತ್ತಿರ ರಿಪೇರಿಗೆ ಒಯ್ದೆ. ಹುಡುಗ ಹಿಂದಿನ ಮುಚ್ಚಳ ಬಿಚ್ಚಿ, ನನ್ನನ್ನು ಕರೆದು ತೋರಿಸಿದ. ಫ್ಯಾನಿನ ಬಾಯಿಗೆ ತೊಗರಿ ಹೊಟ್ಟಿನ ಪುಡಿ ಗಟ್ಟಿಯಾಗಿ ಕೂತಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಕಂಬಳಿ ತುಂಡಿನ ಹಾಗೆ ಒಂದೇ ಸಲಕ್ಕೆ ಬಂತು. "ಅಣ್ಣಾ, ಇದನ್ನ ಎಮ್ಮೆಗೆ ಹಾಕಬಹುದಿತ್ತು" ಅಂತ ನಕ್ಕ. ಒಳಗಿನ ಮುಖ್ಯ ಬೋರ್ಡ್ (ಮದರ್‌ಬೋರ್ಡ್) ಮಾತ್ರ ಉಳಿಯಲಿಲ್ಲ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಬೆಳೆ ಅನ್ನುವ ಗುರುತು, ಬಂತಲ್ಲ, ಈ ಧೂಳಿಗೂ ಒಂದು ಕೊಡಬೇಕಿತ್ತು.

ಈಗ ಹೊಸದು ತಂದಾಗಿದೆ. 54,990 ರೂಪಾಯಿ, ಅದರಲ್ಲಿ ಜಿಎಸ್‌ಟಿಯೇ 8,388. ಕಂಪನಿ ವಾರಂಟಿ ಒಂದು ವರ್ಷ. ಮೇಲೆ ಎರಡು ವರ್ಷಕ್ಕೆ ಕಂಪನಿಯದೇ ಪ್ಲಾನ್ ತಗೊಂಡರೆ 6,800. ಅಂಗಡಿಯವರು 4,200ಕ್ಕೆ ಬೇರೊಂದು ಪ್ಲಾನ್ ತೋರಿಸುತ್ತಾರೆ. ಅದರಲ್ಲಿ ಏನೇನು ಬರುತ್ತದೆ ಅಂತ ಕೇಳಿದರೆ "ಏನೇ ಆದ್ರೂ ನಮ್ಮ ಹತ್ರ ಬನ್ನಿ ಸರ್" ಅನ್ನುವುದೊಂದೇ ಉತ್ತರ. ಎಂಟು ದಿನದಿಂದ ಆ ಹುಡುಗ ದಿನಾ ಫೋನ್ ಮಾಡಿ "ಇವತ್ತೇ ಲಾಸ್ಟ್ ಡೇಟ್" ಅನ್ನುತ್ತಾನೆ.

ಸಾವಕಾರರು "ನೀನೇ ನೋಡಿ ಹೇಳು, ನಾಳೆ ಕೆಟ್ಟರೆ ನಿನ್ನನ್ನೇ ಕೇಳ್ತೀನಿ" ಅಂದುಬಿಟ್ಟಿದ್ದಾರೆ. ನನಗೆ ಭಯ ಎರಡು. ಒಂದು ಧೂಳು. ಇನ್ನೊಂದು ಕರೆಂಟ್. ಮಿಲ್ಲಿನ ಮೋಟರ್ ಚಾಲೂ ಆದಾಗೆಲ್ಲ ಆಫೀಸಿನ ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಮಿಟುಕಿಸುತ್ತದೆ. ತಗೊಳ್ಳಲಾ, ಬಿಡಲಾ? ತಗೊಂಡರೆ ಯಾವುದು?

ಸ್ಕ್ರೂ ಡಬ್ಬಿ, ಕಲಬುರಗಿ:

ಅಣ್ಣಾ, ನಾನೂ ಇದೇ ಊರಲ್ಲಿ ರಿಪೇರಿ ಮಾಡುವವನು. ಹನ್ನೊಂದು ವರ್ಷ ಆಯಿತು. ಆ ಕಂಬಳಿ ನಾನೂ ಬಹಳ ಸಲ ತೆಗೆದಿದ್ದೇನೆ.

ಎಕ್ಸ್‌ಟೆಂಡೆಡ್ ವಾರಂಟಿ ಅಂದರೆ ಮೊದಲ ವರ್ಷದ ವಾರಂಟಿಯನ್ನೇ ಉದ್ದ ಎಳೆದದ್ದು, ಅಷ್ಟೇ. ಕಂಪನಿ ಮಾಡುವಾಗಲೇ ಉಳಿದ ದೋಷಕ್ಕೆ ಮಾತ್ರ ಅದು. ಕೆಳಗೆ ಬಿತ್ತು, ಚಹಾ ಚೆಲ್ಲಿತು, ವೋಲ್ಟೇಜ್ ಏರಿ ಬೋರ್ಡ್ ಸುಟ್ಟಿತು ಅಂದರೆ ವಾಪಸ್ ಕಳಿಸುತ್ತಾರೆ. ಅವಕ್ಕೆ ಆಕ್ಸಿಡೆಂಟಲ್ ಡ್ಯಾಮೇಜ್ ಅಂತ ಬೇರೆ ಪ್ಲಾನ್ ಇರುತ್ತದೆ. ಕರೆಂಟ್ ಏರಿಳಿತ ಅದರಲ್ಲಿ ಸೇರಿದೆಯಾ ಅಂತ ಓದಿ ನೋಡಬೇಕು. ಧೂಳಿಗೆ ಮಾತ್ರ ಯಾವ ಪ್ಲಾನನ್ನೂ ನಂಬಬೇಡಿ. ಅದಕ್ಕೆ ಔಷಧಿ ಒಂದೇ, ಸೀಸನ್ ಮುಗಿದ ಮೇಲೆ ಬಿಚ್ಚಿ ಕ್ಲೀನ್ ಮಾಡಿಸಿ, ಚಿಪ್ಪಿನ ಬಿಸಿ ಹೊರಗೆ ದಾಟಿಸುವ ಪೇಸ್ಟ್ ಬದಲಿಸುವುದು. ನಮ್ಮಲ್ಲಿ 42, 43 ಡಿಗ್ರಿ ಬಿಸಿಲು. ಗಾಳಿ ಹೋಗೋ ದಾರಿ ಮುಚ್ಚಿದರೆ ಒಳಗೆ ಏನಾಗಬೇಡ ಹೇಳಿ. ಆದರೆ ವಾರಂಟಿ ಇರುವಾಗ ಹೊರಗೆ ಬಿಚ್ಚಿಸಬೇಡಿ, ಸರ್ವಿಸ್ ಸೆಂಟರ್‌ನಲ್ಲೇ ಮಾಡಿಸಿ. ನನ್ನ ಗಿರಾಕಿ ನಾನೇ ಕಳಕೊಂಡೆ, ಇರಲಿ.

ಬ್ಯಾಟರಿ ಸಾಲು ಬೇರೆಯಾಗಿ ಓದಿ. ಪ್ಲಾನ್ ಮೂರು ವರ್ಷದ್ದಾದರೂ ಎಷ್ಟೋ ಕಡೆ ಬ್ಯಾಟರಿಗೆ ಒಂದೇ ವರ್ಷ.

ಲಾಸ್ಟ್ ಡೇಟ್ ಮಾತು ತಲೆಗೆ ಹಾಕ್ಕೋಬೇಡಿ. ಸಾಮಾನ್ಯವಾಗಿ ಕಂಪನಿ ಪ್ಲಾನನ್ನು ಮೊದಲ ವರ್ಷ ಮುಗಿಯುವುದರೊಳಗೆ ತಗೊಳ್ಳಬಹುದು. ಆಕ್ಸಿಡೆಂಟಲ್‌ಗೆ ಮಾತ್ರ ಕೆಲವರು ಗಡುವು ಕಡಿಮೆ ಇಡುತ್ತಾರೆ. ಸೀರಿಯಲ್ ನಂಬರ್ ಹಾಕಿ ಕಂಪನಿ ವೆಬ್‌ಸೈಟಿನಲ್ಲಿ ನೋಡಿ.

ಬೀದರ್ ಟೀಚರ್:

ಅಣ್ಣಾ, ಆ 4,200ರಂಥ ಪ್ಲಾನ್ ನಾನು ತಗೊಂಡು ಅನುಭವಿಸಿದ್ದೇನೆ. ಇಪ್ಪತ್ತನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಮುಚ್ಚಳ ತೆರೆದೆ, ಟಕ್ ಅಂತ ಸದ್ದಾಯಿತು. ಬಲಗಡೆ ಹಿಂಜ್ ಕಿತ್ತು ಪ್ಲಾಸ್ಟಿಕ್ ಸಮೇತ ಮೇಲೆ ಬಂತು. ಬೀಳಿಸಿಲ್ಲ, ಏನಿಲ್ಲ. ಅಂಗಡಿಗೆ ಹೋದರೆ "ಇದು ಫಿಸಿಕಲ್ ಡ್ಯಾಮೇಜ್ ಮೇಡಂ, ಬರೋದಿಲ್ಲ" ಅಂದರು. ಆಮೇಲೆ ಕಾಗದ ತೆಗೆದು ಓದಿದರೆ ಪ್ಲಾನ್ ಅಂಗಡಿಯದೂ ಅಲ್ಲ, ಲ್ಯಾಪ್‌ಟಾಪ್ ಕಂಪನಿಯದೂ ಅಲ್ಲ. ಮೂರನೆಯವರು ಯಾರೋ. ಫೋನ್ ಹತ್ತುವುದೇ ಇಲ್ಲ.

ಕೊನೆಗೆ 1915ಕ್ಕೆ, ಗ್ರಾಹಕರ ಸಹಾಯವಾಣಿಗೆ, ಫೋನ್ ಮಾಡಿ ದೂರು ಬರೆಸಿದೆ. ಮೂರು ವಾರಕ್ಕೆ ಪ್ಲಾನಿನ ಹಣ ವಾಪಸ್ ಬಂತು. ಹಿಂಜ್‌ಗೆ 2,300 ನನ್ನ ಕೈಯಿಂದಲೇ ಹೋಯಿತು.

ಒಂದು ಕೇಳ್ತೀನಿ, ನಿಮ್ಮ ಬಿಲ್ ಯಾರ ಹೆಸರಲ್ಲಿದೆ? ಮಿಲ್ ಹೆಸರಲ್ಲಿದ್ದರೆ ನಾಳೆ ಗ್ರಾಹಕರ ಆಯೋಗಕ್ಕೆ ಹೋದಾಗ "ಇದು ವ್ಯಾಪಾರಕ್ಕೆ ಕೊಂಡದ್ದು" ಅಂತ ತಕರಾರು ತೆಗೆಯಬಹುದು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಸ್ವಂತ ಹೊಟ್ಟೆಪಾಡಿನ ಉದ್ಯೋಗಕ್ಕೆ ಕೊಂಡವರಿಗೆ ಮಾತ್ರ ವಿನಾಯಿತಿ.

ತೊಗರಿ ಲೆಕ್ಕದವ:

ಮಿಲ್ ಹೆಸರಲ್ಲೇ ಇದೆ ಅಕ್ಕಾ. ಇನ್‌ಪುಟ್ ಕ್ರೆಡಿಟ್ ಸಿಗಲಿ, ಅಂದರೆ ಇದಕ್ಕೆ ಕೊಟ್ಟ ಜಿಎಸ್‌ಟಿ ಮಿಲ್ ಕಟ್ಟೋ ಜಿಎಸ್‌ಟಿಯಲ್ಲಿ ಕಳೆಯಲಿ ಅಂತ ನಾನೇ ಜಿಎಸ್‌ಟಿ ನಂಬರ್ ಹಾಕಿಸಿದೆ. ಇದು ಹೊಳೆದೇ ಇರಲಿಲ್ಲ. ಅಂಗಡಿ ಪ್ಲಾನ್ ಕಾಗದ ಈಗ ತರಿಸಿ ನೋಡಿದೆ. ನಿಮ್ಮದರ ಹಾಗೇ, ಅದರಲ್ಲೂ ಮೂರನೆಯವರ ಹೆಸರು.

ಯಾದಗಿರಿ ಪೋರ:

ಎಲ್ಲರೂ ಬೇಡ ಅನ್ನೋ ಹಾಗೆ ಕಾಣ್ತಿದೆ, ನಾನು ಬೇಕು ಅಂತೀನಿ. ನಮ್ಮಣ್ಣನ ಲ್ಯಾಪ್‌ಟಾಪ್ 26ನೇ ತಿಂಗಳಿಗೆ ಆನ್ ಆಗಲೇ ಇಲ್ಲ. ಕಂಪನಿಯದೇ ಮೂರು ವರ್ಷದ ಆನ್‌ಸೈಟ್ ಪ್ಲಾನ್ ಇತ್ತು. ನಾಲ್ಕನೇ ದಿನಕ್ಕೆ ಒಬ್ಬರು ಬ್ಯಾಗ್ ಹಾಕ್ಕೊಂಡು ಯಾದಗಿರಿಗೇ ಬಂದರು. ನಮ್ಮ ಪಡಸಾಲೆಯಲ್ಲಿ ಹಳೇ ಪೇಪರ್ ಹಾಸಿ, ಬೋರ್ಡ್ ಬದಲಿಸಿ, ಅಮ್ಮ ಕೊಟ್ಟ ಚಹಾ ಕುಡಿದು ಹೋದರು. ಒಂದು ಪೈಸೆ ಕೇಳಲಿಲ್ಲ. ಹೊರಗೆ ಅದೇ ಬೋರ್ಡ್‌ಗೆ 21,000 ಹೇಳಿದ್ದರು.

ಆದರೆ ಆನ್‌ಸೈಟ್ ಅಂದರೆ ಎಲ್ಲ ಊರಿಗೂ ಬರುತ್ತಾರೆ ಅಂತಲ್ಲ. ನಿಮ್ಮ ಪಿನ್ ಕೋಡ್ ಹೇಳಿ ಮೊದಲೇ ಕೇಳಿ. ಕ್ಯಾರಿ ಇನ್ ಅಂದರೆ ನೀವೇ ಹೊತ್ತುಕೊಂಡು ಹೋಗಬೇಕು. ಸೆಂಟರ್ ಹೈದರಾಬಾದ್‌ನಲ್ಲಿದ್ದರೆ ಎರಡು ಸಲ ಹೋಗಿ ಬರುವ ಖರ್ಚನ್ನೂ ಲೆಕ್ಕಕ್ಕೆ ಹಿಡೀರಿ.

ಸುಮ್ನೆ ಓದುವವ:

ವಾರಂಟಿ ಇರಲಿ, ಲೆಕ್ಕದ ಬ್ಯಾಕಪ್ ಎಲ್ಲಿದೆ? ಫೈಲ್ ಎಲ್ಲ ಇರೋ ಎಸ್‌ಎಸ್‌ಡಿ ಡ್ರೈವ್ ಹೋದರೆ ಹೊಸ ಎಸ್‌ಎಸ್‌ಡಿ ಕೊಡುತ್ತಾರೆ, ನಿಮ್ಮ ಲೆಕ್ಕ ಕೊಡೋದಿಲ್ಲ.

ತೊಗರಿ ಲೆಕ್ಕದವ:

ಬ್ಯಾಕಪ್ ಪೆನ್ ಡ್ರೈವ್‌ನಲ್ಲಿದೆ. ಪೆನ್ ಡ್ರೈವ್ ಅದೇ ಲ್ಯಾಪ್‌ಟಾಪ್ ಬ್ಯಾಗಿನಲ್ಲಿದೆ. ನಗಬೇಡಿ.

ಸರಿ, ಇವತ್ತು ಕಂಪನಿಗೆ ಫೋನ್ ಮಾಡಿದೆ. ನಮ್ಮ 585101ಕ್ಕೆ ಆನ್‌ಸೈಟ್ ಇದೆಯಂತೆ. ಅದನ್ನೇ ಇಮೇಲ್‌ನಲ್ಲಿ ಬರೆಸಿಕೊಂಡೆ, ಬಾಯಿಮಾತು ಸಾಕಾಯಿತು. 6,800ರ ಪ್ಲಾನ್ ಹನ್ನೊಂದನೇ ತಿಂಗಳವರೆಗೂ ತಗೊಳ್ಳಬಹುದು, ಆದರೆ ಆಗಿನ ರೇಟು ಆಗಿನದು ಅಂದರು. ಬ್ಯಾಟರಿ ಒಂದೇ ವರ್ಷ, ಸ್ಕ್ರೂ ಡಬ್ಬಿ ಅಣ್ಣ ಹೇಳಿದ್ದೇ ನಿಜ. ಸಾವಕಾರರಿಗೆ ಹೇಳಿದೆ: ಬೋರ್ಡ್ ಹೋದರೆ ಇಪ್ಪತ್ತು ಸಾವಿರ, ಪ್ಲಾನ್‌ಗೆ ಏಳು ಸಾವಿರ, ದೀಪಾವಳಿ ಕಳೆದ ಮೇಲೆ ಹಾಕಿಸೋಣ. ಹೂಂ ಅಂದರು. ಸದ್ಯಕ್ಕೆ ಒಂದು ಸಣ್ಣ ಯುಪಿಎಸ್ ತಂದಿದ್ದೇನೆ. ಟೇಬಲ್ಲನ್ನು ಬಾಗಿಲ ಬಳಿಯಿಂದ ಒಳಗಿನ ಕೋಣೆಗೆ ಎಳೆದಾಯಿತು. ಪೆನ್ ಡ್ರೈವ್ ಮನೆಯ ಬೀರುವಿಗೆ ಹೋಯಿತು.

ಅಂಗಡಿ ಹುಡುಗನಿಗೆ ಬೇಡ ಅಂತ ಹೇಳಿದೆ. ಐದು ನಿಮಿಷಕ್ಕೆ ಮತ್ತೆ ಫೋನ್ ಬಂತು. ಲಾಸ್ಟ್ ಡೇಟ್ ಮುಂದಕ್ಕೆ ಹೋಗಿದೆಯಂತೆ, ರೇಟು 2,999 ಆಗಿದೆಯಂತೆ.