ಸಹಾಯ ಬೇಕು: ಕಾರ್ಡೋಬಾ ಗಿಟಾರ್ ಉತ್ಸವಕ್ಕೆ ಹೋಗಿಬಂದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಸ್ಪೇನಿನ ಕಾರ್ಡೋಬಾದಲ್ಲಿ 1981ರಲ್ಲಿ ಆರಂಭವಾದ ಗಿಟಾರ್ ಉತ್ಸವಕ್ಕೆ ಮುಂದಿನ ಜುಲೈನಲ್ಲಿ ಹೋಗಬೇಕೆಂದಿದ್ದೇನೆ. ಕಛೇರಿಗಳ ಜೊತೆಗೆ ತರಗತಿಗಳೂ ನಡೆಯುವುದೇ ನನಗೆ ದೊಡ್ಡ ಆಕರ್ಷಣೆ. ನಾನು ನುಡಿಸುವುದು ಶಾಸ್ತ್ರೀಯ ಗಿಟಾರ್. ದಕ್ಷಿಣ ಸ್ಪೇನಿನ ಸಂಗೀತ ಶೈಲಿಯಾದ ಫ್ಲಮೆಂಕೊದ ರಸ್ಗೆಯಾದೊವನ್ನು, ಬೆರಳುಗಳು ಒಂದರ ಹಿಂದೊಂದು ತಂತಿಗಳ ಮೇಲೆ ಹರಿಯುವ ಆ ರಭಸವನ್ನು, ಗುರುಗಳ ಎದುರು ಕುಳಿತೇ ಕಲಿಯಬೇಕೆಂಬ ಆಸೆ ಬಹಳ ಕಾಲದ್ದು.

ಚಿಂತೆಯೆಲ್ಲ ವಾದ್ಯದ್ದೇ. ಅಲ್ಲಿ ಜುಲೈನಲ್ಲಿ ಬಿಸಿಲು 40 ಡಿಗ್ರಿ ದಾಟುವುದುಂಟು, ಗಾಳಿಯೂ ಒಣ. ಮೇಲ್ಹಲಗೆ ಸೀಳದಂತೆ ನೀವು ಹೇಗೆ ಕಾಪಾಡಿದಿರಿ? ವಿಮಾನದೊಳಗೆ ಜೊತೆಯಲ್ಲೇ ಒಯ್ಯಲು ಬಿಟ್ಟರೇ? ಇನ್ನೊಂದು: ಫ್ಲಮೆಂಕೊದಲ್ಲಿ ಹಲಗೆಯನ್ನು ಬೆರಳಿನಿಂದ ಬಡಿಯುತ್ತಾರೆ, ನನ್ನ ಗಿಟಾರಿಗೆ ಆ ರಕ್ಷಣಾ ಹಾಳೆ ಇಲ್ಲ. ಅಂಟಿಸಿಕೊಂಡು ಹೋಗಲೇ, ಅಲ್ಲಿಯೇ ಫ್ಲಮೆಂಕೊ ಗಿಟಾರ್ ಬಾಡಿಗೆಗೆ ಸಿಗುತ್ತದೆಯೇ? ತರಗತಿಗಳಲ್ಲಿ ಸ್ಪ್ಯಾನಿಷ್ ಬಾರದವರು ಹೇಗೆ ನಿಭಾಯಿಸುತ್ತಾರೆ ಎಂಬುದನ್ನೂ ದಯವಿಟ್ಟು ತಿಳಿಸಿ.