ಮಗುವಿಗೆ 'ಕುಶಾಲ್': ಊರಿನ ಹೆಸರೋ, ಸಂಸ್ಕೃತದ ಕುಶಲವೋ? (ನಾಳೆಯೇ ಬೇಕು)

ಕುಶಾಲನಗರದಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿದ್ದೇನೆ. ಭಾನುವಾರ ಅಕ್ಕನ ಮಗನನ್ನು ತೊಟ್ಟಿಲಿಗೆ ಹಾಕುತ್ತೇವೆ. ಹೆಸರು ಕುಶಾಲ್. ಮಗು ಹುಟ್ಟಿದ್ದು ಇಲ್ಲೇ. ಅಕ್ಕ ಭಾವ ಮೊದಲು ಮಾತಾಡಿದ್ದೂ ಇದೇ ಊರಿನ ಬಸ್‌ಸ್ಟ್ಯಾಂಡಿನಲ್ಲಿ. ಅದಕ್ಕೇ ಊರಿನ ಹೆಸರನ್ನೇ ಇಡೋಣ ಅಂತ ಇಬ್ಬರೂ ಗಟ್ಟಿ ಮಾಡಿದ್ದಾರೆ. ಬಾಗಿಲಲ್ಲಿ ನಿಲ್ಲಿಸುವ ಫ್ಲೆಕ್ಸ್‌ನಲ್ಲಿ ಹೆಸರು ಬರಬೇಕು, ಕೆಳಗೆ ಒಂದು ಸಾಲಿನಲ್ಲಿ ಅರ್ಥ ಬರಬೇಕು. ನಾಳೆ ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಕಳಿಸಬೇಕು.

ಮನೆಯಲ್ಲಿ ಒಮ್ಮತ ಇಲ್ಲ. ಭಾವನ ಅಣ್ಣ 'ಕುಶಲ್' ಅಂತ ಬರೆಯಿರಿ, ಅದೇ ಶುದ್ಧ, ಅರ್ಥ 'ನಿಪುಣ' ಅನ್ನುತ್ತಾರೆ. ಪುತ್ತೂರಿನ ಅತ್ತೆಗೆ ಹೆಸರೇ ಹಿಡಿಸಿಲ್ಲ. ಅವರ ಕಡೆ ಕುಶಾಲು ಅಂದರೆ ತಮಾಷೆ. ನಾಳೆ ಶಾಲೆಯಲ್ಲಿ ಹುಡುಗನನ್ನು ಆಡಿಕೊಳ್ಳುತ್ತಾರೆ ಅಂತ ಅವರ ಚಿಂತೆ. ಅಜ್ಜ ಮಾತ್ರ "ಕುಶಾಲ್ ಅಂತಲೇ ಇರಲಿ" ಅಂದವರು ಮತ್ತೆ ಬಾಯಿ ಬಿಟ್ಟಿಲ್ಲ. ಯಾವುದು ಸರಿ? ಅರ್ಥ ಏನಂತ ಬರೆಯಲಿ?

ಮೈಸೂರಿನಿಂದ:

ಕುಶಲ್. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. 'ಕುಶಾನ್ ಲಾತಿ', ಅಂದರೆ ದರ್ಭೆಯನ್ನು ತರುವವನು. ದರ್ಭೆಯ ಅಂಚು ಹರಿತ. ಕೈ ಕೊಯ್ದುಕೊಳ್ಳದೆ ಅದನ್ನು ಕೀಳುವವನು ಜಾಣ. ಅಲ್ಲಿಂದ ನಿಪುಣ, ಅಲ್ಲಿಂದ ಕ್ಷೇಮ. ಊರಿನ ಹೆಸರೂ ಕುಶಲನಗರವೇ ಆಗಿರಬೇಕು, ಜನರ ಬಾಯಲ್ಲಿ ಕೆಟ್ಟಿದೆ. ಮಗುವಿನ ಹೆಸರನ್ನಾದರೂ ತಿದ್ದಿ ಬರೆಯಿರಿ.

ಮಡಿಕೇರಿಯಿಂದ:

ತಂಗಿ, ಅವಸರಪಟ್ಟು ದೀರ್ಘ ತೆಗೆಯಬೇಡಿ. ಹೆಸರಿನ ಜೀವ ಇರುವುದೇ ಆ 'ಶಾ'ದಲ್ಲಿ.

ಮೈಸೂರಿನ ಸರ್ ಕೊಟ್ಟ ವ್ಯುತ್ಪತ್ತಿ 'ಕುಶಲ' ಪದಕ್ಕೆ ಸರಿ. ಆದರೆ ಅದು ಬೇರೆ ಪದ. ಕುಶಲ, ಕುಶಲೋಪರಿ, 'ಎಲ್ಲರೂ ಕುಶಲವೇ?' ಇವೆಲ್ಲ ಕೊಡಗಿನಲ್ಲೂ ಹ್ರಸ್ವದಲ್ಲೇ ಇವೆ. ಅದೇ ಬಾಯಿ, ಅದೇ ಜನ. ಊರಿನ ಹೆಸರಿನಲ್ಲಿ ಮಾತ್ರ ಅದು ಯಾಕೆ ಉದ್ದವಾಗಬೇಕು?

ಪಾರಸಿಯಲ್ಲಿ ಖುಶ್, ಅದಕ್ಕೆ ಅರಬ್ಬಿಯ ಹಾಲ್ ಸೇರಿ ಖುಶ್‌ಹಾಲ್. ಒಳ್ಳೆಯ ಸ್ಥಿತಿಯಲ್ಲಿರುವವನು, ಸುಖವಾಗಿರುವವನು ಅಂತ ಅರ್ಥ. ನಮ್ಮ ನಾಲಿಗೆಯಲ್ಲಿ ಖಕಾರ ಕಕಾರವಾಯಿತು, ಖರ್ಚು ಕರ್ಚಾದ ಹಾಗೆ. ನಡುವಿನ ಹಕಾರ ಬಿದ್ದುಹೋಯಿತು. ಉಳಿದದ್ದು ಕುಶಾಲ್. ದೀರ್ಘ ಬಂದಿರುವುದು ಆ 'ಹಾಲ್'ನಿಂದ. ಕಚೇರಿಗೆ ಕೊಡುವ 'ಅಹವಾಲು' ಇದೆಯಲ್ಲ, ಅದೂ ಇದೇ 'ಹಾಲ್'ನ ಬಹುವಚನ. ಈಗ ಹೆಣ್ಣುಮಕ್ಕಳಿಗೆ ಖುಷಿ ಅಂತ ಹೆಸರಿಡುತ್ತಾರೆ. ಅದು ಈ ಹೆಸರಿನ ತಂಗಿ.

ಮೈಸೂರಿನವರಿಗೆ ಅವರ ಊರಿನದೇ ಸಾಕ್ಷಿ ಕೊಡುತ್ತೇನೆ. ದಸರಾ ದಿನ 21 ಸಲ ಹಾರಿಸುವುದನ್ನು ಏನಂತ ಕರೆಯುತ್ತೀರಿ? ಕುಶಾಲತೋಪು. ಕುಶಲತೋಪು ಅಂತ ಯಾರೂ ಅನ್ನುವುದಿಲ್ಲ. ಸಂತೋಷಕ್ಕೆ ಹಾರಿಸುವ ತೋಪು ಅದು, ನಿಪುಣ ತೋಪಲ್ಲ. ಕೊಡವ ಮನೆಗಳಲ್ಲಿ ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು ಹಾರಿಸುವ ಪದ್ಧತಿ ಇದೆ. ತೊಟ್ಟಿಲ ಮಗುವಿಗೆ ಈ ಹೆಸರು ಎಷ್ಟು ಒಪ್ಪುತ್ತದೆ ನೋಡಿ.

ಪುತ್ತೂರಿನ ಅತ್ತೆ ಹೇಳಿದ ತಮಾಷೆಯ ಅರ್ಥವೂ ಇಲ್ಲಿಂದಲೇ ಬಂದದ್ದು. ಸಂತೋಷ, ಆಮೇಲೆ ನಗು, ಆಮೇಲೆ ತಮಾಷೆ. ತುಳುವಿನಲ್ಲೂ ಕುಸಾಲ್ ಅಂದರೆ ಅದೇ. ಇದರಲ್ಲಿ ಕೆಟ್ಟದ್ದು ಏನೂ ಇಲ್ಲ ಅಂತ ಅವರಿಗೆ ಹೇಳಿ.

ಇನ್ನು ಊರಿನ ಕಥೆ. ಹೈದರ್ ಅಲಿ ಇಲ್ಲಿ ಬೀಡುಬಿಟ್ಟಿದ್ದಾಗ ಟಿಪ್ಪು ಹುಟ್ಟಿದ ಸುದ್ದಿ ಬಂತು, ಆ ಸಂತೋಷಕ್ಕೆ ಈ ಹೆಸರಿಟ್ಟ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಫ್ಲೆಕ್ಸ್‌ನಲ್ಲಿ ಹಾಕಬೇಡಿ, ಕಾಲ ಕೂಡಿಬರುವುದಿಲ್ಲ. ಟಿಪ್ಪು ದೇವನಹಳ್ಳಿಯಲ್ಲಿ ಹುಟ್ಟಿದ್ದು 1750ರ ಆಸುಪಾಸಿನಲ್ಲಿ. ಹೈದರ್ ಮೈಸೂರಿನ ಅಧಿಕಾರ ಹಿಡಿದದ್ದು 1761ರಲ್ಲಿ, ಕೊಡಗಿನ ಮೇಲೆ ಕಣ್ಣು ಹಾಕಿದ್ದು ಅದರ ನಂತರ. ಆದರೆ ಕಥೆ ಸುಳ್ಳಾದರೂ ಅದನ್ನು ಕಟ್ಟಿದವರ ಕಿವಿ ಸುಳ್ಳು ಹೇಳುವುದಿಲ್ಲ. ಅವರಿಗೆ ಈ ಹೆಸರಿನಲ್ಲಿ ಕೇಳಿಸಿದ್ದು ಸಂತೋಷ. ಜಾಣತನ ಕೇಳಿಸಿದ್ದರೆ ಬೇರೆ ಕಥೆ ಕಟ್ಟುತ್ತಿದ್ದರು. ನನಗೆ ಇದೇ ದೊಡ್ಡ ಸಾಕ್ಷಿ.

ಒಂದು ಪ್ರಶ್ನೆ. ನಿಮ್ಮ ಮನೆತನದಲ್ಲಿ ಹಿಂದೆ ಯಾರಾದರೂ ಕುಶಾಲಪ್ಪ ಇದ್ದರಾ? ಕೊಡವರಲ್ಲೂ, ಅರೆಭಾಷೆ ಅನ್ನುವ ಕನ್ನಡದ ಒಳನುಡಿ ಆಡುವ ಗೌಡರಲ್ಲೂ ಅದು ಹಳೆಯ ಹೆಸರು. ಅರೆಭಾಷೆಯ ಮೇಲೆ ಕೆಲಸ ಮಾಡಿದ ಭಾಷಾವಿದ್ವಾಂಸರ ಹೆಸರೇ ಕುಶಾಲಪ್ಪ ಗೌಡ. ಈಗ ಶಾಲೆಗೆ ಸೇರಿಸುವಾಗ ಅಪ್ಪನನ್ನು ಕತ್ತರಿಸಿ ಬರೀ ಕುಶಾಲ್ ಮಾಡುತ್ತಿದ್ದಾರೆ.

ಬೆಂಗಳೂರಿನಿಂದ:

ಒಬ್ಬರು ಸಂಸ್ಕೃತ, ಇನ್ನೊಬ್ಬರು ಪಾರಸಿ. ಕನ್ನಡದ ಮಗುವಿಗೆ ಕನ್ನಡದ ಹೆಸರು ಕೊಡುವ ಯೋಚನೆ ಯಾರಿಗೂ ಬರಲಿಲ್ಲ! ನಲಿವು ಇದೆ, ನಲ್ಮೆ ಇದೆ. ಊರಿನ ಹೆಸರೇ ಬೇಕಿದ್ದರೆ ಪೊನ್ನಂಪೇಟೆ ಇಲ್ಲವಾ? ಪೊನ್ ಅಂದರೆ ಹೊನ್ನು, ಪೊನ್ನಪ್ಪ ಅಂತಿಡಿ. ದಂಡೆತ್ತಿ ಬಂದವರ ಮಾತನ್ನು ತೊಟ್ಟಿಲಿಗೆ ಯಾಕೆ ತರುತ್ತೀರಿ? ಕುಶಾಲನಗರವನ್ನೂ ನಲಿವೂರು ಅಂತ ಬದಲಿಸಬೇಕು.

ಮೈಸೂರಿನಿಂದ:

ನಲಿವೂರು ಅಂದರೆ ಕಂಡಕ್ಟರ್ ಟಿಕೆಟ್ ಕೊಡುವುದಿಲ್ಲ. ಕುಶಾಲತೋಪಿನ ಮಾತು ಒಪ್ಪಿದೆ. ಊರಿನ ಹೆಸರಿನ ಮಾತು ಒಪ್ಪಿಲ್ಲ.

ಮಡಿಕೇರಿಯಿಂದ:

ಪೊನ್ನಪ್ಪ ಚಂದದ ಹೆಸರು, ಆ ಬಗ್ಗೆ ತಕರಾರಿಲ್ಲ. 'ದಂಡೆತ್ತಿ ಬಂದವರ ಮಾತು' ಅಂದದ್ದಕ್ಕೆ ಮಾತ್ರ ನನ್ನ ತಕರಾರು. ತಕರಾರು ಅನ್ನುವುದೂ ಆ ಕಡೆಯಿಂದಲೇ ಬಂದ ಮಾತು, ಬೇಕಿದ್ದರೆ ಅದನ್ನೂ ಬಿಡಿ. ಜಿಲ್ಲೆ, ತಾಲ್ಲೂಕು, ಕಾಗದ ಎಲ್ಲ ಬಿಡಿ. ಕೊಡಗಿನವರು ಕಾಫಿಯನ್ನೂ ಬಿಡಬೇಕಾಗುತ್ತದೆ. ಅರಬ್ಬಿಯ ಕಹ್ವಾ ಯೂರೋಪಿನವರ ಬಾಯಿ ಸುತ್ತಿ ನಮ್ಮ ತೋಟಕ್ಕೆ ಬಂದದ್ದು.

ದಂಡಿನ ಜೊತೆ ಬಂದ ಹೆಸರೆಲ್ಲ ನಿಲ್ಲುವುದಿಲ್ಲ ಸಾರ್. ಟಿಪ್ಪು ನಮ್ಮ ಮಡಿಕೇರಿಗೆ ಜಾಫರಾಬಾದ್ ಅಂತ ಹೆಸರಿಟ್ಟಿದ್ದ. ಇಲ್ಲಿ ಯಾರನ್ನಾದರೂ ಕೇಳಿ, ಆ ಹೆಸರು ಯಾರ ಬಾಯಲ್ಲೂ ಇಲ್ಲ. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡ ಮೇಲೆ ಕರ್ನಲ್ ಫ್ರೇಸರ್ ಹೆಸರಿನಲ್ಲಿ ಕುಶಾಲನಗರ ಫ್ರೇಸರ್‌ಪೇಟೆ ಆಯಿತು. ಇಷ್ಟು ವರ್ಷ ಸರ್ಕಾರಿ ಕಾಗದದಲ್ಲಿದ್ದ ಹೆಸರನ್ನು ಯಾರಾದರೂ ಮಗುವಿಗೆ ಇಟ್ಟರಾ? ಕುಶಾಲ ಮಾತ್ರ ಉಳಿಯಿತು. ಅಪ್ಪ ಸೇರಿಸಿಕೊಂಡು ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ ಒಳಗೂ ಬಂತು. ಯಾರೂ ಬಲವಂತ ಮಾಡಿರಲಿಲ್ಲ. ಜನಕ್ಕೆ ಹಿಡಿಸಿತು, ಇಟ್ಟುಕೊಂಡರು. 'ಅಪ್ಪ' ಸೇರಿದ ಮೇಲೂ ಅದು ಪರದೇಶಿ ಅನ್ನುವುದಾದರೆ ಯಾವುದನ್ನು ನಮ್ಮದು ಅನ್ನೋಣ?

ಊರಿನ ಹೆಸರನ್ನು ಮಕ್ಕಳಿಗೆ ಇಡುವುದೂ ಈಗ ಬಂದ ಫ್ಯಾಶನ್ ಅಲ್ಲ. ಕಾಶಿ, ಬದರಿ, ತಿರುಪತಿ ಎಲ್ಲ ಇದ್ದವು. ನಮ್ಮಲ್ಲಂತೂ ಹೊಳೆಯ ಹೆಸರೇ ಮನೆಮನೆಯಲ್ಲಿದೆ. ಹೆಣ್ಣಾದರೆ ಕಾವೇರಿ, ಕಾವೇರಮ್ಮ. ಗಂಡಾದರೆ ಕಾವೇರಪ್ಪ. ಕುಶಾಲನಗರ ಅದೇ ಹೊಳೆಯ ದಂಡೆಯ ಊರು ತಾನೇ.

ತಂಗಿ, ಫ್ಲೆಕ್ಸ್‌ಗೆ ಇದು ಸಾಕು: 'ಕುಶಾಲ್: ನಗುನಗುತ್ತಾ ಸುಖವಾಗಿರುವವನು'. ಅತ್ತೆಯ ನಗುವೂ ಅದರೊಳಗೆ ಬಂತು. ಖಕಾರ ಹಾಕಬೇಡಿ, ದೀರ್ಘ ಬಿಡಬೇಡಿ.

ಬೆಂಗಳೂರಿನಿಂದ:

ಜನಕ್ಕೆ ಹಿಡಿಸಿತು ಅನ್ನುವುದನ್ನೇ ಅಳತೆ ಮಾಡಿಕೊಂಡರೆ ನಾಳೆ ಇಂಗ್ಲಿಷ್ ಪೂರ್ತಿ ಒಳಗೆ ಬರುತ್ತದೆ. ನನ್ನ ನಿಲುವು ಬದಲಾಗಿಲ್ಲ. ಮಗುವಿಗೆ ಒಳ್ಳೆಯದಾಗಲಿ.

ಕುಶಾಲನಗರದಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಪ್ರೆಸ್ಸಿಗೆ ಕಳಿಸಿದೆ. ದೀರ್ಘ ಇದೆ, ಮಡಿಕೇರಿಯ ಅಣ್ಣ ಹೇಳಿದ ಸಾಲೇ ಇದೆ. ಅತ್ತೆಗೂ ಓದಿ ಹೇಳಿದೆ, ನಕ್ಕರು.

ಕುಶಾಲಪ್ಪ ಇದ್ದರಾ ಅಂತ ಕೇಳಿದಿರಲ್ಲ, ಅಜ್ಜನ ಹತ್ತಿರ ಹೋಗಿ ವಿಚಾರಿಸಿದೆ. ಅವರ ದೊಡ್ಡಪ್ಪನ ಹೆಸರು ಕುಶಾಲಪ್ಪ ಅಂತೆ. ಅಜ್ಜನನ್ನು ಸಾಕಿ ಓದಿಸಿದವರೇ ಅವರು. ಅಕ್ಕನಿಗಾಗಲಿ ನನಗಾಗಲಿ ಇದು ಗೊತ್ತೇ ಇರಲಿಲ್ಲ. "ನೀವು ಊರಿನ ಹೆಸರು ಅಂದುಕೊಂಡೇ ಇಟ್ಟಿರಿ, ನಾನು ಯಾಕೆ ಬೇಡ ಅನ್ನಲಿ" ಅಂದರು ಅಜ್ಜ. ಪ್ರೆಸ್ಸಿಗೆ ಮತ್ತೆ ಫೋನ್ ಮಾಡಿದ್ದೇನೆ, ಕೆಳಗೆ ಇನ್ನೊಂದು ಸಾಲಿಗೆ ಜಾಗ ಬಿಡಿ ಅಂತ.